ಒಂಬತ್ತು–ಇಪ್ಪತ್ತೆರಡರ ಬೀಗರು

ಇತಿಹಾಸದಲ್ಲಿ ದಾನಿಗಳಿಗೆ ಬರವಿಲ್ಲ. ಊರಿಗೆ ಊರನ್ನೇ ಉಂಬಳಿ ಕೊಟ್ಟವರಿದ್ದಾರೆ, ಆನೆಯ ಮೇಲೆ ಕುಳಿತು ಹೊನ್ನು ಚೆಲ್ಲಿದವರಿದ್ದಾರೆ. ಆದರೆ ಒಂದೇ ಒಂದು ಶೇಂಗಾ ಬೀಜವನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಂದು ಬೇಳೆಯನ್ನು ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಎದುರಿಗೆ ನಿಂತವನ ಅಂಗೈಯಲ್ಲಿಟ್ಟು, “ತಗೋರಿ, ಸಂಕೋಚ ಮಾಡಬ್ಯಾಡ್ರಿ” ಎಂದ ದಾನಶೂರ ಈ ಭೂಮಂಡಲದಲ್ಲಿ ಒಬ್ಬನೇ. ಅವನು ಬಸವಕಲ್ಯಾಣದ ಪೇಟೆಯಲ್ಲಿ ಹಗ್ಗ, ಮೂಗುದಾರ, ಬಲೆ, ಮಳೆಗೆ ಹೊದಿಸುವ ತಾಡಪತ್ರಿ ಮಾರುವ ಮಹಾರುದ್ರಪ್ಪ.

ಅವನು ಯಾವ ತಿನಿಸನ್ನಾಗಲಿ ಇಡಿಯಾಗಿ ತಿಂದದ್ದನ್ನು ಕಂಡವರಿಲ್ಲ. ಬಾಳೆಹಣ್ಣು ಅರ್ಧ, ಬಿಸ್ಕೀಟು ಅರ್ಧ. ಚಹಾ ಅಂತೂ ಬಸಿಯಲ್ಲಿ ಬೇರೆಯವರ ಬಾಯಿಗೆ ಹೋದ ಮೇಲೆ ಕಪ್ಪಿನ ತಳದಲ್ಲಿ ಉಳಿದಷ್ಟೇ. ಒಮ್ಮೆ ಹುಮನಾಬಾದದ ಬಸ್ಸಿನಲ್ಲಿ ಒಂದು ಬಾಳೆಹಣ್ಣು ಸುಲಿದನಂತೆ. ನಡುವಿನ ರಾಜೇಶ್ವರ ಊರು ದಾಟುವುದರೊಳಗೆ ಪಕ್ಕದ ಸೀಟಿನವ, ಹಿಂದಿನ ಸೀಟಿನ ಮುದುಕಿ, ಕಂಡಕ್ಟರು, ಕೊನೆಗೆ ಸ್ಟೇರಿಂಗ್ ಹಿಡಿದ ಡ್ರೈವರು, ಎಲ್ಲರಿಗೂ ಪಾಲು ಸಂದು ಇವನ ಕೈಯಲ್ಲಿ ಸಿಪ್ಪೆ ಉಳಿಯಿತಂತೆ. ಬಸ್ಸಿಳಿದು ಆ ಸಿಪ್ಪೆಯನ್ನೂ ಎರಡು ಮಾಡಿ ಎರಡು ಆಕಳಿಗೆ ತಿನ್ನಿಸಿದನೆಂದು ಪಕ್ಕದ ಪಾತ್ರೆ ಅಂಗಡಿಯ ತುಳಜಾರಾಮ ಆಣೆ ಮಾಡಿ ಹೇಳುತ್ತಾನೆ. ತುಳಜಾರಾಮ ಆ ಬಸ್ಸಿನಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು. ಮಹಾರುದ್ರಪ್ಪನ ಅಂಗಡಿಯ ಮುಂದಿನ ಇರುವೆಗಳು ಇಡೀ ಪೇಟೆಯ ಇರುವೆಗಳಿಗಿಂತ ಮೈಕೈ ತುಂಬಿಕೊಂಡಿವೆ ಎಂಬುದಕ್ಕೆ ಮಾತ್ರ ಯಾರು ಬೇಕಾದರೂ ಸಾಕ್ಷಿ ಹೇಳಬಹುದು.

ಮದುವೆಯ ದಿನ ಹೊಸ ಹೆಂಡತಿ ಪಾರ್ವತಿಬಾಯಿ ನಾಚಿಕೊಂಡು ಬಾಯಿಗಿಟ್ಟ ಲಾಡುವನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ಎಲ್ಲಿ ಕೊಡಲಿ ಎಂದು ಮಂಟಪದ ತುಂಬ ಕಣ್ಣಾಡಿಸಿದ ವರ ಇವನು. ಆಕೆ ಅವತ್ತೇ ತಿಳಿದುಕೊಂಡಳು, ಈ ಮನೆಯಲ್ಲಿ ಅಡುಗೆ ಯಾವಾಗಲೂ ಒಂದು ಹೊಟ್ಟೆಗೆ ಹೆಚ್ಚಾಗಿಯೇ ಆಗಬೇಕು. ಅವಳಿಗೆ ಅದರ ಬೇಸರವೂ ಇರಲಿಲ್ಲ. ದಾಸೋಹದ ಮನೆತನ, ಎದುರಿಗೆ ಇನ್ನೊಂದು ಬಾಯಿ ಇರುವಾಗ ಒಬ್ಬನೇ ತಿನ್ನುವುದು ಅಲ್ಲಿ ಕಳ್ಳತನಕ್ಕೆ ಸಮ. ಮಹಾರುದ್ರಪ್ಪನ ತಾಯಿ ಅವನಿಗೆ ಹಾಲಿನ ಜೊತೆ ಕುಡಿಸಿದ ಪಾಠ ಅದು. ಹಾಲನ್ನೂ ಅರ್ಧವೇ ಕುಡಿದಿದ್ದನೋ ಏನೋ ತಿಳಿಯದು.

ಇಂಥ ವೀರನಿಗೆ ಐವತ್ತು ದಾಟಿದ ಮೇಲೆ ಒಂದು ವಿಚಿತ್ರ ಕಾಟ ಶುರುವಾಯಿತು. ಅರ್ಧ ರೊಟ್ಟಿ ತಿಂದರೆ ಹೊಟ್ಟೆ ತುಂಬಿತೆನ್ನಿಸುತ್ತಿತ್ತು. ಎಡಪಕ್ಕೆಯ ಕೆಳಗೆ ಯಾರೋ ಕಲ್ಲು ಇಟ್ಟ ಹಾಗೆ ಭಾರ. ಮೈ ಇಳಿಯಿತು, ಸುಮ್ಮನೆ ಕುಳಿತಲ್ಲೇ ಬೆವರು. ಊರಿನ ಡಾಕ್ಟರು ರಕ್ತ ತೆಗೆಸಿ ನೋಡಿದರು, ಬಿಳಿಯ ಕಣಗಳು ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ತುಂಬಿಕೊಂಡಿದ್ದವು. ಅವರು ತಡಮಾಡದೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ಮಹಾರುದ್ರಪ್ಪನನ್ನು ಬೋರಲು ಮಲಗಿಸಿ, ಸೊಂಟದ ಹಿಂದಿನ ಎಲುಬಿಗೆ ಸೂಜಿ ಇಳಿಸಿ ಮಜ್ಜೆ ತೆಗೆದರು. ಆ ಸೂಜಿಯ ವಿಷಯ ಎತ್ತಿದರೆ ಅವನು ಇಂದಿಗೂ ಕುಳಿತ ಜಾಗದಲ್ಲಿ ಸ್ವಲ್ಪ ಸರಿದು ಕೂಡುತ್ತಾನೆ.

ರಿಪೋರ್ಟು ಬಂದ ದಿನ ಡಾಕ್ಟರ್ ಶೀತಲ್ ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದು ಕೂಡಿಸಿಕೊಂಡರು. ಭಾಲ್ಕಿಯ ಕಡೆಯ ಹೆಣ್ಣುಮಗಳು. ಹೈದರಾಬಾದಿನಲ್ಲಿದ್ದು ವರ್ಷಗಳಾದರೂ ನಾಲಿಗೆಯ ಮೇಲೆ ಬೀದರ್ ಹಾಗೇ ಇತ್ತು. ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಅದರಲ್ಲಿ ಕಪ್ಪು ಬಿಳಿ ಪಟ್ಟೆಯ ಸಣ್ಣ ಸಣ್ಣ ತುಂಡುಗಳು ಸಾಲಾಗಿ ನಿಂತಿದ್ದವು.

“ಕಾಕಾ, ನಮ್ಮ ಮೈಯಾಗಿನ ಒಂದೊಂದು ಕಣದಾಗ ಇಂಥ ದಾರ ಇರ್ತಾವ. ಕ್ರೋಮೋಸೋಮ್ ಅಂತೀವಿ. ನಿಮ್ಮ ಮಜ್ಜಿನ ಕಣಾ ಬೆಳೆಸಿ, ಒಂದು ಕಣ ಎರಡಾಗು ಹೊತ್ತಿಗಿ ಹಿಡದು ನಿಲ್ಲಿಸಿ ತಗದ ಫೋಟೋ ಇದು. ಎಲ್ಲಾ ಜೋಡಿ ಜೋಡಿ. ಒಂದೊಂದು ಜೋಡಿಗಿ ಒಂದೊಂದು ನಂಬರ.”

ಮಹಾರುದ್ರಪ್ಪ ಕನ್ನಡಕ ಏರಿಸಿ ನೋಡಿದ. “ಉದ್ದಂದು ಮೊದಲ, ಗಿಡ್ಡಂದು ಕಡೀಕ. ನಮ್ಮ ಅಂಗಡ್ಯಾಗ ಹಗ್ಗ ಹಿಂಗೇ ತೂಗ ಹಾಕ್ತೀವ್ರಿ.”

“ಬರೋಬರ್. ಈಗ ಇಲ್ಲಿ ನೋಡ್ರಿ. ಒಂಬತ್ತನೇ ಜೋಡಿದೊಂದು, ಇಪ್ಪತ್ತೆರಡನೇ ಜೋಡಿದೊಂದು. ಎರಡೂ ತಮ್ಮ ತಮ್ಮ ತುದಿ ಹರಕೊಂಡು ಅದಲು ಬದಲು ಮಾಡ್ಕೊಂಡಾವ. ಇದರ ತುಂಡು ಅದಕ್ಕ, ಅದರ ತುಂಡು ಇದಕ್ಕ.”

ಪಾರ್ವತಿಬಾಯಿ ಗಂಡನ ಮುಖ ನೋಡಿದಳು, ಆಮೇಲೆ ಪರದೆ ನೋಡಿದಳು. “ಹಂಗಾರ ಇವರು ಒಳಗೂ ಹಂಚಾಕತ್ತಾರೇನ್ರಿ?”

ಕ್ಯಾನ್ಸರಿನ ರಿಪೋರ್ಟು ನೋಡಿ ಹೆಮ್ಮೆಪಟ್ಟ ರೋಗಿ ವೈದ್ಯಶಾಸ್ತ್ರದಲ್ಲಿ ಅಲ್ಲಿಯತನಕ ಒಬ್ಬನೂ ಇದ್ದಿರಲಾರ. ಮಹಾರುದ್ರಪ್ಪ ಒಂದು ಗಳಿಗೆ ಹೆಮ್ಮೆಪಟ್ಟ. ತನ್ನ ರಕ್ತದ ಕಣಕಣದಲ್ಲಿಯೂ ದಾಸೋಹ ನಡೆದಿದೆ ಎಂದರೆ ಸಣ್ಣ ಮಾತೇ? ಅವನ ಎದೆ ಉಬ್ಬಿದ್ದನ್ನು ಡಾಕ್ಟರು ಕಂಡರು.

“ಖುಷಿ ಪಡೂ ಮಾತಲ್ಲ ಕಾಕಾ. ಆ ಎರಡು ತುಂಡು ಕೂಡಿದಲ್ಲಿ ಒಂದು ಗಂಟು ಬಿದ್ದದ. ಆ ಗಂಟು ಒಂದ ಸಮನ ಹುಕುಂ ಮಾಡಾಕತ್ತದ, ಬಿಳಿ ಕಣ ಮಾಡ್ರಿ, ಮಾಡ್ತಾನೇ ಇರ್ರಿ ಅಂತ. ಇದು ರಕ್ತದ ಕ್ಯಾನ್ಸರ್.”

ಉಬ್ಬಿದ ಎದೆ ಇಳಿಯಿತು. ಪಾರ್ವತಿಬಾಯಿಯ ಕೈ ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯಿತು.

“ಹೆದರಬ್ಯಾಡ್ರಿ. ಆ ಗಂಟಿನ ಬಾಯಿ ಕಟ್ಟಾಕ ಗುಳಗಿ ಅದ. ದಿನಾ ಒಂದು, ಊಟ ಆದಮ್ಯಾಲ, ದೊಡ್ಡ ಗ್ಲಾಸ್ ನೀರು. ಒಂದು ದಿನ ಸೈತ ತಪ್ಪಬಾರದು. ಮೂರು ತಿಂಗಳಿಗೊಮ್ಮೆ ರಕ್ತ ಕೊಡ್ರಿ. ಆ ಗಂಟು ಎಷ್ಟು ಉಳದದ ಅಂತ ಮಷೀನ್ ಹೇಳ್ತದ. ರಿಪೋರ್ಟ್ ನೋಡಿ ನಾ ಮುಂದಿನ ಗುಳಗಿ ಕೊಡ್ತೀನಿ. ಲೆಕ್ಕ ಇಳೀತಾ ಬಂತಂದ್ರ ನೀವು ನಿಮ್ಮ ಅಂಗಡಿ, ನಿಮ್ಮ ಹಗ್ಗ, ಆರಾಮ.”

“ಇಳೀಲಿಲ್ಲಂದ್ರ?” ಎಂದಳು ಪಾರ್ವತಿಬಾಯಿ.

ಡಾಕ್ಟರು ಸುಳ್ಳು ಹೇಳುವ ಪೈಕಿ ಅಲ್ಲ. “ಇಳೀದ ಮತ್ತ ಏರಿತಂದ್ರ ಮತ್ತ ಎಲುಬಿಗಿ ಸೂಜಿ, ಮತ್ತ ಇದೇ ಫೋಟೋ. ಇನ್ನೂ ಬ್ಯಾರೆ ದಾರ ಹರದಾವೇನು ನೋಡಬೇಕು. ಹರದಿದ್ರ ರೋಗ ಕೈ ಮೀರಾಕತ್ತದ ಅಂತ ಅರ್ಥ. ಆ ಹಾದಿ ಭಾಳ ಕಷ್ಟ ಕಾಕು.”

ಹೀಗೆ ಯುದ್ಧ ಘೋಷಣೆಯಾಯಿತು. ಒಂದು ಕಡೆ ಎಲುಬಿನ ಒಳಗೆ ಅಡಗಿ ಕುಳಿತು ಹುಕುಂ ಹೊರಡಿಸುವ ಗಂಟು, ಇನ್ನೊಂದು ಕಡೆ ಹಗ್ಗದ ಅಂಗಡಿಯ ಮಹಾರುದ್ರಪ್ಪ. ನಡುವೆ ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಂದು ಗುಳಿಗೆ. ಮೊದಮೊದಲ ಕಾಳಗಗಳಲ್ಲಿ ಗುಳಿಗೆಗೇ ಗೆಲುವು. ಎಡಪಕ್ಕೆಯ ಕಲ್ಲು ಕರಗಿತು. ಬೆವರು ನಿಂತಿತು. ಪ್ರತಿ ರಿಪೋರ್ಟಿನಲ್ಲೂ ಗಂಟಿನ ಲೆಕ್ಕ ಬಾವಿಗೆ ಬಿಟ್ಟ ಕೊಡದ ಹಾಗೆ ಸರಸರನೆ ಇಳಿಯಿತು. ಮಹಾರುದ್ರಪ್ಪ ಅರ್ಧ ರೊಟ್ಟಿಯನ್ನು ಪುನಃ ಹಸಿವಿನಿಂದ ತಿನ್ನಲು ಶುರುಮಾಡಿದ.

ಆ ದವಾಖಾನೆಯ ಬೆಂಚಿನ ಮೇಲೆಯೇ ಅವನಿಗೆ ಮಡೆಪ್ಪ ಸಿಕ್ಕದ್ದು. ದುಬಲಗುಂಡಿಯ ಕುರಿಗಾರ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅದೇ ದವಾಖಾನೆಯ ಅದೇ ಬಣ್ಣದ ಫೈಲು.

“ಸಾಹುಕಾರ್ರ, ಗುರ್ತ ಸಿಗಲಿಲ್ಲೇನ್ರಿ? ಕುರಿ ದೊಡ್ಡಿಗಿ ಕಟ್ಟಾಕ ನಿಮ್ಮ ಅಂಗಡ್ಯಾಗೇ ಹಗ್ಗದ ಬಲಿ ಒಯ್ತೀನಿ.”

“ಹೌದ್ಹೌದು. ಬಲಿ ಬರೋಬರ್ ಬಂತಿಲ್ಲೋ?”

“ಬಲಿ ಚೊಲೋ ಅದರಿ. ನನಗ ಜರಾ ತ್ರಾಸ ಆಗ್ಯದ. ರಕ್ತದ್ದು.”

“ಯಾವ ನಂಬರ?”

“ಒಂಬತ್ತಕ್ಕ ಇಪ್ಪತ್ತೆರಡು ಗಂಟು ಬಿದ್ದದಂತ್ರಿ.”

ಮಹಾರುದ್ರಪ್ಪ ಬೆಂಚಿನಿಂದ ಅರ್ಧ ಎದ್ದ. “ನಂದೂ ಅದೇ. ನಂದೂ ಒಂಬತ್ತು, ಇಪ್ಪತ್ತೆರಡು.”

“ಅಯ್ಯ, ಬ್ಯಾರೆ ನಂಬರ್ಗೋಳಿಗಿ ಏನಾಗಿತ್ರಿ ಹಂಗಾರ?” ಮಡೆಪ್ಪ ಆಲೋಚನೆ ಮಾಡಿ ಹೇಳಿದ, “ಅವು ಮನಿಮಂದಿ ನೋಡಿ ಸಂಬಂಧ ಮಾಡ್ಕೊಂಡಂಗ ಕಾಣ್ತದ.”

“ಹಂಗಿದ್ರ ನಾವಿಬ್ಬರೂ ಬೀಗರಾದೆವು,” ಎಂದ ಮಹಾರುದ್ರಪ್ಪ. ಚೀಲದಿಂದ ಒಂದು ಚಕ್ಕುಲಿ ತೆಗೆದು ಮುರಿದು, ದೊಡ್ಡ ತುಂಡನ್ನು ಬೀಗರಿಗೆ ಕೊಟ್ಟ. ಪಾರ್ವತಿಬಾಯಿ ಗೋಡೆಯ ಕಡೆ ಮುಖ ಮಾಡಿ ನಕ್ಕಳು. ಅವತ್ತಿನಿಂದ ಹೈದರಾಬಾದಿನ ಬಸ್ಸು ಹುಮನಾಬಾದಿಗೆ ಬಂದಾಗ ಮಡೆಪ್ಪನಿಗೆ ಒಂದು ಸೀಟು ಹಿಡಿದಿಟ್ಟಿರುವುದು ವಾಡಿಕೆಯಾಯಿತು.

ಎಲ್ಲ ನೆಟ್ಟಗೆ ನಡೆದಿತ್ತು. ಆದರೆ ಮಹಾಯುದ್ಧಗಳು ಕೆಡುವುದು ಶತ್ರುವಿನ ಬಲದಿಂದಲ್ಲ, ನಡುವೆ ಯಾವುದೋ ಪ್ರಾಣಿ ಬಂದು ಬಾಯಿ ಹಾಕುವುದರಿಂದ. ಈ ಯುದ್ಧದಲ್ಲಿ ಆ ಪ್ರಾಣಿ ಒಂದು ಆಡು.

ಸಂತೆಯ ದಿನ ಮಡೆಪ್ಪ ಅಂಗಡಿಗೆ ಬಂದು, ಗಿರಾಕಿಗಳು ಹೋಗುವತನಕ ಹಗ್ಗದ ಸುರುಳಿಯ ಮೇಲೆ ಸುಮ್ಮನೆ ಕುಳಿತ. ಆಮೇಲೆ ಬಾಯಿಬಿಟ್ಟ.

“ಬೀಗರ, ಕುರಿ ಹೊಡ್ಕೊಂಡು ಚಿಟಗುಪ್ಪ ಕಡಿ ಹೋಗಿದ್ದೆ. ಗುಳಗಿ ಚೀಲಾ ಗಿಡಕ್ಕ ತೂಗ ಹಾಕಿದ್ದೆ. ಆಡು ತಿಂತು.”

“ಎಷ್ಟು ತಿಂತು?”

“ಚೀಲಾನೂ ತಿಂತು.”

ಮಹಾರುದ್ರಪ್ಪನಿಗೆ ಮೊದಲು ಹೊಳೆದದ್ದು ಆಡಿನ ಸ್ಥಿತಿ. “ಆಡಿಗಿ ಏನಾತು?”

“ಏನಾಗಂಗದ? ಮರುದಿನ ಹೊಲದವನ ತೊಗರಿನೂ ತಿಂತು. ನಾ ಸಾಯಾಕತ್ತೀನಿ, ಅದು ಕುಣ್ಯಾಕತ್ತದ.”

“ದವಾಖಾನಿಗಿ ಹೋಗಿ ಹೇಳು ಮತ್ತ.”

“ಹ್ಯಾಂಗ ಹೇಳ್ಲಿರಿ? ಹೋದ ಸಲ ಒಂದು ದಿನ ಗುಳಗಿ ಮರತಿದ್ದಕ್ಕ ಡಾಕ್ಟರಬಾಯಿ ಏನಂದ್ರು ನೀವೇ ಕೇಳೀರಿ. ನಿನ್ನ ಕುರಿ ನೀ ಎಣಸ್ತಿ, ನಿನ್ನ ಗುಳಗಿ ಎಣಸಂಗಿಲ್ಲ ಅಂದ್ರು. ಈಗ ಆಡು ತಿಂತು ಅಂತ ಹೋದ್ರ ನಂಬ್ತಾರ? ಮಾರ್ಕೊಂಡೀನಿ ಅಂತಾರ. ಪುಕ್ಕಟ ಗುಳಗಿ ಪಟ್ಟಿಯಿಂದ ಹೆಸರು ಹೊಡದು ಹಾಕ್ತಾರ.”

ಡಾಕ್ಟರ್ ಶೀತಲ್ ಯಾರ ಹೆಸರನ್ನೂ ಹೊಡೆದು ಹಾಕಿದವರಲ್ಲ. ಆದರೆ ಬೈಗುಳದ ಭಯ ಕ್ಯಾನ್ಸರಿನ ಭಯಕ್ಕಿಂತ ಹತ್ತಿರದ್ದು. ಮಹಾರುದ್ರಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿದ್ದ ತನ್ನ ಗುಳಿಗೆಯ ಡಬ್ಬಿಯನ್ನು ನೋಡಿದ. ಅದರ ಪಕ್ಕದಲ್ಲಿ ಅಡಕತ್ತರಿ ಇತ್ತು. ಎದುರಿಗೆ ಇನ್ನೊಂದು ಬಾಯಿ ಇತ್ತು.

ಮುಂದಿನದು ಅವನ ಕೈಗೇ ಬಿಟ್ಟ ವಿಷಯ. ತಲೆಯನ್ನು ಯಾರೂ ಕೇಳಲಿಲ್ಲ. ಅಡಕತ್ತರಿ ‘ಕಟ್’ ಎಂದಿತು. ಒಂದು ಗುಳಿಗೆ ಎರಡಾಯಿತು.

“ಹೊಸಾ ಗುಳಗಿ ಬರೂತನಕ ಅರ್ಧ ನಿಂದು, ಅರ್ಧ ನಂದು,” ಎಂದ. “ಒಂದಿನಾನೂ ಉಪವಾಸ ಕೂಡೂದು ಬ್ಯಾಡ. ಅರ್ಧ ರೊಟ್ಟಿ ಮ್ಯಾಲ ನಾ ಇಷ್ಟು ವರ್ಷ ಬದುಕಿಲ್ಲೇನು?”

ಮಡೆಪ್ಪನ ಕಣ್ಣು ತುಂಬಿ ಬಂತು. ಸಂತೆಯಿಂದ ಸಂತೆಗೆ ಬಂದು ತನ್ನ ಅರ್ಧಗಳನ್ನು ಕಾಗದದ ಪುಡಿಕೆಯಲ್ಲಿ ಕಟ್ಟಿಸಿಕೊಂಡು ಹೋಗತೊಡಗಿದ. ಪಾರ್ವತಿಬಾಯಿಗೆ ಮಾತ್ರ ಇದರ ಗಾಳಿಯೂ ತಾಗಲಿಲ್ಲ. ಡಬ್ಬಿ ಅಂಗಡಿಯಲ್ಲೇ ಇರುತ್ತದೆ, ಮಧ್ಯಾಹ್ನದ ಬುತ್ತಿಯ ಮೇಲೆ ತೆಗೆದುಕೊಳ್ಳುತ್ತಾರೆ ಎಂದು ಆಕೆ ನಂಬಿದ್ದಳು. ಬುತ್ತಿಯಲ್ಲಿ ತುಳಜಾರಾಮನ ಪಾಲಿಗೆಂದು ಒಂದು ರೊಟ್ಟಿ ಹೆಚ್ಚಿಗೆ ಇಟ್ಟು ಕಳಿಸುತ್ತಿದ್ದಳು. ಗುಳಿಗೆಗೂ ಪಾಲುದಾರ ಹುಟ್ಟಿರಬಹುದೆಂದು ಆಕೆಗಾದರೂ ಹೇಗೆ ಹೊಳೆಯಬೇಕು?

ಮೂರು ತಿಂಗಳು ತುಂಬಿದಾಗ ಬೀಗರಿಬ್ಬರೂ ರಕ್ತ ಕೊಟ್ಟು ಬಂದರು. ರಿಪೋರ್ಟಿನ ದಿನ ಡಾಕ್ಟರ್ ಶೀತಲ್ ಪರದೆಯನ್ನು ಇವರ ಕಡೆ ತಿರುಗಿಸಲಿಲ್ಲ. ತಾವೇ ನೋಡಿದರು, ಕೆಳಗೆ ಎಳೆದು ನೋಡಿದರು, ಮತ್ತೆ ಮೇಲೆ ಹೋದರು.

“ಏರೇದ ಕಾಕಾ.”

“ಎಷ್ಟರಿ?” ಎಂದು ಕೇಳಿದವಳು ಪಾರ್ವತಿಬಾಯಿ.

“ಭಾಳ. ಇಷ್ಟು ದಿನ ಇಳದದ್ದು ಎಲ್ಲಾ ಹೊಳ್ಳಿ ಬರಾಕತ್ತದ. ಗಂಟು ಗುಳಗಿಗಿ ತಪ್ಪಿಸಿಕೊಳ್ಳೂದು ಕಲತದೋ ಏನೋ. ಸೂಜಿ ಹಾಕಬೇಕಾಗ್ತದ. ಹೊಸ ಫೋಟೋ ಬೇಕು.” ಅವರ ದನಿ ಎಂದಿನ ಹಾಗಿರಲಿಲ್ಲ. ಇನ್ನೊಂದು ಮಾತೂ ಹೇಳಿದರು, “ಏನು ಅಂದ್ರ, ಮಡೆಪ್ಪಂದೂ ಇದೇ ಹಣೇಬರಹ. ಇಬ್ಬರದೂ ಒಮ್ಮೆಲೆ ಏರೇದ. ಗುಳಗಿನ್ಯಾಗೇ ಏನರ ಫರಕ್ ಅದನೋ ನೋಡ್ತೀನಿ. ಪೂನಂ, ಹೊರಗ ಕುರಿ ಕಾಕಾ ಕುಂತಾರ, ಒಳಗ ಕರಿ.”

ನರ್ಸ್ ಪೂನಂ ಮಡೆಪ್ಪನನ್ನು ಕರೆತಂದಳು. ಇಬ್ಬರು ಬೀಗರೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತರು. ಅರ್ಧವೆಂದರೆ ಅರ್ಧವೇ ಅಲ್ಲವೇ, ಪೂರ್ತಿ ಇಲ್ಲದ್ದೇನೂ ಅಲ್ಲವಲ್ಲ, ಎಂದು ಮಹಾರುದ್ರಪ್ಪ ಒಳಗೊಳಗೇ ತಕ್ಕಡಿ ತೂಗುತ್ತಿದ್ದ. ಹೇಳಿದರೆ ಮಡೆಪ್ಪನ ಹೆಸರು ಹೋಗುತ್ತದೆ. ಹೇಳದಿದ್ದರೆ ಸೂಜಿ. ಸೂಜಿಯ ಆಚೆಗೆ ಏನಿದೆಯೆಂದು ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

“ಇವತ್ತಿನ ಗುಳಗಿ ಆಗೇದೇನು?” ಎಂದು ಡಾಕ್ಟರು ಕೇಳಿದರು.

“ಇಲ್ರಿ. ಬಸ್ಸಿನ್ಯಾಗ ಬುತ್ತಿ ತಿಂದೆವು, ಗುಳಗಿ ಇನ್ನಾ ತಗೊಂಡಿಲ್ಲ,” ಎಂದ ಮಹಾರುದ್ರಪ್ಪ.

“ಹಂಗಾರ ಇಲ್ಲೇ ತಗೋರಿ, ನನ್ನ ಮುಂದ. ಹ್ಯಾಂಗ ತಗೋತೀರಿ ನೋಡ್ತೀನಿ. ಪೂನಂ, ನೀರು ಕೊಡು.”

ಪೂನಂ ಎರಡು ದೊಡ್ಡ ಗ್ಲಾಸು ನೀರು ತಂದಿಟ್ಟಳು. ಮಹಾರುದ್ರಪ್ಪ ಜೇಬಿನಿಂದ ಡಬ್ಬಿ ತೆಗೆದ. ಡಾಕ್ಟರು ನೋಡುತ್ತಿದ್ದರು, ಹೆಂಡತಿ ನೋಡುತ್ತಿದ್ದಳು. ಅಂಜಿಕೆಯಲ್ಲಿ ಮನುಷ್ಯನ ತಲೆ ನಿಂತುಹೋಗುತ್ತದೆ; ಕೈಗಳು ಮಾತ್ರ ತಮಗೆ ಗೊತ್ತಿರುವ ಕೆಲಸ ಮಾಡಿಕೊಂಡು ಹೋಗುತ್ತವೆ. ಅವನ ಬಲಗೈ ಇನ್ನೊಂದು ಜೇಬಿಗೆ ಹೋಯಿತು. ಅಡಕತ್ತರಿ ಹೊರಬಂತು. ಕಟ್. ಒಂದು ಅರ್ಧ ಅವನ ಅಂಗೈಯಲ್ಲಿ ಉಳಿಯಿತು. ಇನ್ನೊಂದು ಅರ್ಧಕ್ಕೆ ಮಡೆಪ್ಪನ ಕೈ ಕೂಡ, ಯಾರ ಅಪ್ಪಣೆಗೂ ಕಾಯದೆ, ಆಗಲೇ ಚಾಚಿತ್ತು. “ತಗೋರಿ ಬೀಗರ,” ಎಂದು ಮಹಾರುದ್ರಪ್ಪ ಹೇಳಿಯೂಬಿಟ್ಟ. ಇಬ್ಬರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಒಟ್ಟಿಗೆ ನೀರು ಕುಡಿದು, ಗ್ಲಾಸುಗಳನ್ನು ಒಟ್ಟಿಗೆ ಕೆಳಗಿಟ್ಟರು.

ಆಗ ಕೋಣೆಯಲ್ಲಿದ್ದ ಮೂರು ಜೊತೆ ಕಣ್ಣುಗಳು ತಮ್ಮ ಮೇಲೇ ಇವೆ ಎಂಬುದು ಇಬ್ಬರಿಗೂ ತಿಳಿಯಿತು.

“ಎಂದಿನಿಂದ?” ಎಂದರು ಡಾಕ್ಟರು.

ಮಡೆಪ್ಪ ಎದ್ದುನಿಂತ. ಕಂಬಳಿ ಸರಿಮಾಡಿಕೊಂಡ. “ಡಾಕ್ಟರಬಾಯಿಯವರ, ತಪ್ಪು ನಂದು. ಆಡು ತಿಂತ್ರಿ.”

ಆಡಿನ ಪೂರ್ತಿ ಕಥೆ ಹೊರಬಿತ್ತು, ತೊಗರಿ ಹೊಲದ ಸಮೇತ. ಡಾಕ್ಟರ್ ಶೀತಲ್ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ತಡೆಯಲಾಗದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಪೂನಂ ಬಾಗಿಲ ಹೊರಗೆ ಓಡಿಹೋಗಿ ನಕ್ಕಳು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ.

“ಮಡೆಪ್ಪ ಕಾಕಾ, ಆಡು ತಿಂತು ಅಂತ ಬಂದು ಹೇಳಿದ್ರ ನಾ ಬೈತಿದ್ದೆ, ಗುಳಗೀನೂ ಕೊಡ್ತಿದ್ದೆ. ಬೈಗಳಿಗಿ ಯಾರೂ ಸಾಯಂಗಿಲ್ಲ. ಮಹಾರುದ್ರಪ್ಪ ಕಾಕಾ, ನೀವು ಕೇಳ್ರಿ. ಅರ್ಧ ರೊಟ್ಟಿಗಿ ಅರ್ಧ ಹಸಿವು ಹೋಗ್ತದ, ಖರೆ. ಗುಳಗಿ ಹಂಗಲ್ಲ. ಅರ್ಧ ಕೊಟ್ರ ಗಂಟು ಸಾಯಂಗಿಲ್ಲ, ಹುಷಾರಾಗ್ತದ. ನೀವು ಬೀಗರನ್ನ ಉಳಸಿಲ್ಲ. ಇಬ್ಬರೂ ಕೂಡಿ ಮುಳಗಾಕತ್ತಿದ್ರಿ.”

ಮಹಾರುದ್ರಪ್ಪ ತಲೆ ತಗ್ಗಿಸಿದ.

“ಈಗ ಸೂಜಿ ತಡೀತೀನಿ. ಇಬ್ಬರಿಗೂ ಬ್ಯಾರೆ ಬ್ಯಾರೆ ಗುಳಗಿ. ಪೂರ್ತಿ. ಮೂರು ತಿಂಗಳು. ಆಮ್ಯಾಲಿನ ರಕ್ತದಾಗ ಗಂಟು ಇಳದಿತ್ತಂದ್ರ ಬಚಾವಾದ್ರಿ. ಇಳೀಲಿಲ್ಲಂದ್ರ ಅದು ಆಗಲೇ ಕಲತುಬಿಟ್ಟದ ಅಂತ. ಅದನ್ನ ನಾ ಈಗ ಹೇಳಾಕ ಬರಂಗಿಲ್ಲ.”

ಪಾರ್ವತಿಬಾಯಿ ಗಂಡನ ಕೈಯಿಂದ ಅಡಕತ್ತರಿಯನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹೊರಗೇ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮಡೆಪ್ಪ ಕಂಬಳಿಯೊಳಗೆ ತನ್ನನ್ನು ತಾನು ಮಡಚಿಟ್ಟುಕೊಂಡಿದ್ದ. ಜಹೀರಾಬಾದ್ ದಾಟಿದ ಮೇಲೆ ಆಕೆ ಮುಖ ತಿರುಗಿಸಿದಳು.

“ಶೇಂಗಾ ಹಂಚ್ರಿ, ನಾ ಬ್ಯಾಡ ಅನ್ನಂಗಿಲ್ಲ. ರೊಟ್ಟಿ ಹಂಚ್ರಿ, ಇನ್ನೊಂದು ಬಡದು ಹಾಕ್ತೀನಿ. ನನ್ನ ಗಂಡನ್ನ ಅರ್ಧ ಹ್ಯಾಂಗ ಹಂಚಿದ್ರಿ? ಇನ್ನೊಬ್ಬನ್ನ ನಾ ಎಲ್ಲಿಂದ ಬಡದು ಹಾಕ್ಲಿ?”

ಎಲುಬಿಗೆ ಇಳಿದ ಸೂಜಿಯೂ ಮಹಾರುದ್ರಪ್ಪನಿಗೆ ಈ ಮಾತಿನಷ್ಟು ಒಳಕ್ಕೆ ಹೋಗಿರಲಿಲ್ಲ. ಹುಮನಾಬಾದ ಬರುವತನಕ ಅವನು ತನ್ನ ಅಂಗೈಯನ್ನೇ ನೋಡಿಕೊಂಡು ಕುಳಿತ.

ಮರುದಿನ ಮಧ್ಯಾಹ್ನ ಆ ಮನೆಯ ಪಡಸಾಲೆಯಲ್ಲಿ ನಡೆದ ಕಾಳಗವನ್ನು ಬಣ್ಣಿಸಲು ತುಳಜಾರಾಮನ ನಾಲಿಗೆಯೇ ಬೇಕು. ಅವನು ಅಂಗಡಿಯ ಬಾಗಿಲೆಳೆದು, ನೋಡಲೆಂದೇ ಬಂದಿದ್ದ. ಊಟ ಮುಗಿಯಿತು. ಪಾರ್ವತಿಬಾಯಿ ಗಂಡನ ಅಂಗೈಯಲ್ಲಿ ಒಂದು ಇಡೀ ಗುಳಿಗೆ ಇಟ್ಟು, ಪಕ್ಕದಲ್ಲಿ ದೊಡ್ಡ ಗ್ಲಾಸು ನೀರಿಟ್ಟು, ಎದುರಿಗೆ ನಿಂತಳು. ಮಹಾರುದ್ರಪ್ಪ ಗುಳಿಗೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ತುಳಜಾರಾಮನನ್ನು ನೋಡಿದ. ತುಳಜಾರಾಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನನ್ನ ಕಡಿ ನೋಡಬ್ಯಾಡ್ರಿ ಅಣ್ಣಾವ್ರ. ನನ್ನ ರಕ್ತ ಚೊಲೋ ಅದ.”

ಕೈ ಬಾಯಿಯತನಕ ಹೋಗಿ ವಾಪಸು ಬಂತು. ಎರಡನೇ ಸಲವೂ ಬಂತು. ಐವತ್ತು ಚಿಲ್ಲರೆ ವರ್ಷದ ಅಭ್ಯಾಸ ಒಂದು ಕಂದು ಗುಳಿಗೆಯ ಮುಂದೆ ಮೊಂಡು ಎತ್ತಿನ ಹಾಗೆ ಕಾಲು ಊರಿ ನಿಂತಿತ್ತು. ಸಾವಿಗೆ ಹೆದರದಿದ್ದ ಗಂಡು, ಒಬ್ಬನೇ ನುಂಗುವುದಕ್ಕೆ ಹೆದರಿದ. ಅಷ್ಟರಲ್ಲಿ ಮೊಬೈಲು ಕೂಗಿತು. ವಿಡಿಯೋ ಕಾಲು. ಪರದೆಯ ತುಂಬ ಮೊದಲು ಒಂದು ಕುರಿಯ ಮೂಗು, ಆಮೇಲೆ ಅದನ್ನು ಸರಿಸಿ ಬಂದ ಮಡೆಪ್ಪನ ಮುಖ.

“ಬೀಗರ, ನನ್ನ ಕೈಯಾಗ ಗುಳಗಿ ಅದ. ಒಳಗ ಹೋಗವಲ್ದು. ನೀವು ತಗೊಂಡ್ರೇನು ಇಲ್ಲೇನು ಅಂತ ಮನಸು ಕಚಪಚ ಅನ್ನಾಕತ್ತದ.”

ಮಹಾರುದ್ರಪ್ಪನ ಮುಖ ಅರಳಿತು. ಎದುರಿಗೆ ಇನ್ನೊಂದು ಬಾಯಿ ಬಂದಿತ್ತು. ಆ ಬಾಯಿಗೆ ಅದರದೇ ಗುಳಿಗೆಯೂ ಇತ್ತು. ಪಂಕ್ತಿ ಕೂಡಿದಂತಾಯಿತು.

“ಹಂಗಾರ ಕೂಡೇ ತಗೊಳ್ಳೂಣ. ನಿಂದು ತೋರ್ಸು.”

ಮಡೆಪ್ಪ ಪರದೆಗೆ ಗುಳಿಗೆ ಹಿಡಿದ. ಇವನೂ ಹಿಡಿದ. ಪಾರ್ವತಿಬಾಯಿ ಬಗ್ಗಿ ಎರಡನ್ನೂ ನೋಡಿ, ಎರಡೂ ಪೂರ್ತಿ ಇವೆಯೆಂದು ಖಾತ್ರಿ ಮಾಡಿಕೊಂಡು, “ಹಾಂ, ನಡೀರಿ” ಎಂದಳು. ಬಸವಕಲ್ಯಾಣದಲ್ಲಿ ಒಂದು, ದುಬಲಗುಂಡಿಯ ಹೊಲದಲ್ಲಿ ಒಂದು, ಎರಡು ಗುಳಿಗೆಗಳು ಏಕಕಾಲಕ್ಕೆ ರಣರಂಗಕ್ಕೆ ಇಳಿದವು.

ಅಂದಿನಿಂದ ಅದೇ ಪದ್ಧತಿ. ಮಧ್ಯಾಹ್ನದ ಊಟ ಆಗುತ್ತಿದ್ದಂತೆ ಫೋನು. ಸಿಗ್ನಲ್ ಸಿಗದ ದಿನ ಮಡೆಪ್ಪ ದಿಬ್ಬ ಹತ್ತುತ್ತಿದ್ದ. ಅವನ ಹಿಂದೆ ಕುರಿಗಳೂ ಹತ್ತುತ್ತಿದ್ದವು. ಆ ಆಡನ್ನು ಮಾತ್ರ ಗುಳಿಗೆಯ ಹೊತ್ತಿಗೆ ದೂರದ ಗಿಡಕ್ಕೆ ಕಟ್ಟಿಹಾಕುತ್ತಿದ್ದ. ಒಮ್ಮೆ ಪಾರ್ವತಿಬಾಯಿ ಫೋನನ್ನು ಕಸಿದುಕೊಂಡು, “ಮಡೆಪ್ಪಣ್ಣ, ಬಾಯಿ ತೆಗೀರಿ, ನಾಲಿಗಿ ಎತ್ತರಿ” ಎಂದು ಆಜ್ಞೆ ಮಾಡಿದಳು. ಮಡೆಪ್ಪ ಎತ್ತಿದ. ಹಿಂದೆ ನಿಂತ ಅವನ ಹೆಂಡತಿ ಮಾಣಿಕಮ್ಮ, “ಇದ ಚೊಲೋ ಆತು ಅಕ್ಕಾವ್ರ, ನನ್ನ ಮಾತಿಗಿ ಇವ ಎಂದೂ ಬಾಯಿ ತೆಗದಿಲ್ಲ, ಮುಚ್ಚಿಯೂ ಇಲ್ಲ” ಎಂದಳು.

ನಗು ಇತ್ತು, ಆದರೆ ಪಾರ್ವತಿಬಾಯಿ ದಿನವೂ ಗಂಡನ ಎಡಪಕ್ಕೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು. ಅವನು ರೊಟ್ಟಿ ತಟ್ಟೆಯಲ್ಲಿ ಬಿಟ್ಟರೆ ಆಕೆಯ ಜೀವ ಅಲ್ಲೇ ನಿಲ್ಲುತ್ತಿತ್ತು. ಅವನು ಅದನ್ನು ಯಾರಿಗೋ ಎತ್ತಿ ಕೊಡಲು ಬಿಟ್ಟದ್ದೆಂದು ತಿಳಿದ ಮೇಲೆಯೇ ಉಸಿರು ಬರುತ್ತಿತ್ತು. ಗಂಟು ಕಲಿತಿದೆಯೋ ಇಲ್ಲವೋ? ಆ ಮಾತನ್ನು ಇಬ್ಬರೂ ಆಡುತ್ತಿರಲಿಲ್ಲ. ಇಬ್ಬರಿಗೂ ಅದೇ ಮಾತು.

ರಕ್ತ ಕೊಟ್ಟರು. ರಿಪೋರ್ಟಿನ ದಿನ ಬಂತು. ಎರಡು ಮನೆಗಳ ನಾಲ್ಕು ಜನ ಒಂದೇ ಕೋಣೆಗೆ ನುಗ್ಗಿದರು. ಪೂನಂ ತಡೆಯುವ ಸಾಹಸ ಮಾಡಲಿಲ್ಲ. ಡಾಕ್ಟರ್ ಶೀತಲ್ ಮೊದಲು ಒಂದು ರಿಪೋರ್ಟು ತೆಗೆದರು, ಆಮೇಲೆ ಇನ್ನೊಂದು. ಮುಖದ ಮೇಲೆ ಏನೂ ಕಾಣಿಸಲಿಲ್ಲ. ಮಹಾರುದ್ರಪ್ಪ ತಿಳಿಯದೆಯೇ ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತ.

ಆಮೇಲೆ ಪರದೆ ಇವರ ಕಡೆ ತಿರುಗಿತು.

ಅಲ್ಲಿ ಒಂದು ಗೆರೆ ಇತ್ತು. ಎತ್ತರದಿಂದ ಇಳಿದು ಬಂದು, ನಡುವೆ ಆಡಿನ ಬೆನ್ನಿನ ಹಾಗೆ ಒಮ್ಮೆ ಗೂನು ಎದ್ದು, ಮತ್ತೆ ಇಳಿದಿತ್ತು. ಹಿಂದೆಂದೂ ಇಳಿಯದಷ್ಟು ಕೆಳಕ್ಕೆ, ಪರದೆಯ ತಳ ಮುಟ್ಟುವ ಹಾಗೆ.

“ಇಳದದ ಕಾಕಾ. ಕಲತಿಲ್ಲ ಅದು. ಮಡೆಪ್ಪ ಕಾಕಾಂದೂ ಇಳದದ. ಮಷೀನ್ ಭಾಳ ಹುಡುಕಿದಮ್ಯಾಲ ಒಂದಿಷ್ಟು ಸಿಕ್ಕದ, ಅಷ್ಟೇ.”

“ಸೂಜಿ?” ಎಂದಳು ಪಾರ್ವತಿಬಾಯಿ.

“ಬ್ಯಾಡ.”

“ಹೊಸ ಫೋಟೋ?”

“ಅದೂ ಬ್ಯಾಡ ಕಾಕು. ಗುಳಗಿ ಬಿಡಬಾರದು, ರಕ್ತ ಕೊಡ್ತಾ ಇರಬೇಕು. ಉಳದದ್ದು ನಾ ನೋಡ್ಕೋತೀನಿ.”

ಪಾರ್ವತಿಬಾಯಿ ಎದ್ದುಹೋಗಿ, ಡಾಕ್ಟರ ಎರಡೂ ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದಳು. ಮಾಣಿಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಬೀಗರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕುಲುಕುತ್ತಲೇ ಇದ್ದರು, ಸಂಬಂಧ ಕುದುರಿದ ದಿನ ಗಂಡಸರು ಕುಲುಕುವಂತೆ. ಮಧ್ಯಾಹ್ನದ ಗುಳಿಗೆಯ ಹೊತ್ತೂ ಆಗಿತ್ತು. ಡಾಕ್ಟರ ಎದುರಿಗೇ ಇಬ್ಬರೂ ತಮ್ಮ ತಮ್ಮದನ್ನು ನುಂಗಿದರು. ಪೂನಂ ಅಭಿಮಾನದಿಂದ ಒಂದೊಂದು ಗ್ಲಾಸು ನೀರು ಹೆಚ್ಚಿಗೇ ಕುಡಿಸಿದಳು.

ಸುದ್ದಿ ಬಸ್ಸಿಗಿಂತ ಮೊದಲೇ ಬಸವಕಲ್ಯಾಣ ಮುಟ್ಟಿತ್ತು. ಮಡೆಪ್ಪ, ಮಾಣಿಕಮ್ಮ ಹುಮನಾಬಾದಿನಲ್ಲಿ ಇಳಿದುಕೊಂಡರು. ಮಹಾರುದ್ರಪ್ಪ, ಪಾರ್ವತಿಬಾಯಿ ಮುಂದೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ತುಳಜಾರಾಮ ಪೇಟೆಯ ಅರ್ಧ ಜನರನ್ನು ನಿಲ್ಲಿಸಿದ್ದ. ಹಲಗೆ ಬಾರಿಸುವವರಿದ್ದರು. ಗುಲಾಲು ಇತ್ತು. ತನ್ನ ಅಂಗಡಿಯ ದೊಡ್ಡ ಹಿತ್ತಾಳೆಯ ತಾಟಿನಲ್ಲಿ ಶಾಲು, ಹಾರ, ಪೇಟ ಇಟ್ಟುಕೊಂಡು, ಬಸ್ಸಿನ ಬಾಗಿಲಿಗೆ ಅಡ್ಡವಾಗಿ ಅವನೇ ನಿಂತಿದ್ದ. ಮಹಾರುದ್ರಪ್ಪ ಮೆಟ್ಟಿಲ ಮೇಲೆ ಕಾಣಿಸಿಕೊಂಡ ಕೂಡಲೇ ತಲೆಗೆ ಪೇಟ ಬಿತ್ತು, ಕೊರಳಿಗೆ ಹಾರ ಬಿತ್ತು, ಗಲ್ಲಕ್ಕೆ ಗುಲಾಲು ಬಿತ್ತು. ಹಲಗೆ ನಿಲ್ಲಿಸಲು ತುಳಜಾರಾಮ ಕೈಯೆತ್ತಿದ.

“ಬಂಧುಗಳೇ, ಎಲುಬಿನ ಒಳಗಿನ ಕೋಟಿ ಕೋಟಿ ವೈರಿಗಳನ್ನು ಸದೆಬಡಿದು, ಒಂಬತ್ತನೇ ಕೋಟೆ, ಇಪ್ಪತ್ತೆರಡನೇ ಕೋಟೆ ಎರಡನ್ನೂ ಗೆದ್ದು, ನಮ್ಮ ಕಲ್ಯಾಣದ ಕೀರ್ತಿಯನ್ನು ಹೈದರಾಬಾದಿನತನಕ ಹಬ್ಬಿಸಿ ಬಂದ ಶೂರ ಇವರು. ಅಣ್ಣಾವ್ರ, ಇಷ್ಟು ಮಂದಿ ಕಾದು ನಿಂತಾರ. ಈ ಯುದ್ಧ ಹ್ಯಾಂಗ ಗೆದ್ರಿ, ನಾಕು ಮಾತು ಹೇಳ್ರಿ.”

ಮಹಾರುದ್ರಪ್ಪ ಕಣ್ಣಿನ ಮೇಲೆ ಜಾರಿದ ಪೇಟವನ್ನು ಮೇಲಕ್ಕೆ ಸರಿಸಿದ.

“ಗುಳಗಿ ನುಂಗಿದೆ, ಇಳೀತು. ಈಗ ಹಾದಿ ಬಿಡು ತುಳಜಾರಾಮ, ದವಾಖಾನಿ ನೀರು ಹುಮನಾಬಾದದಿಂದ ತಡಕೊಂಡು ಬಂದೀನಿ.”